ಗಡಿಯಾರದಡಿ ಸಿಕ್ಕಿಕೊಂಡ ತಲೆಬರಹ

"ಒಂದ ಸಾಲಿನ ಕೆಲಸ ಐತಿ ಅಪ್ಪಾ, ಚಾ ಆರೂದ್ರೊಳಗ ಮುಗಸ್ತೀನಿ" ಎಂದು ನಾನು ಹೇಳಿದ್ದು ನಿಜ. ಆ ಹೇಳಿಕೆಯನ್ನು ನಾನು ಈವರೆಗೆ ಅಲ್ಲಗಳೆದಿಲ್ಲ. ಅಲ್ಲಗಳೆದು ಪ್ರಯೋಜನವೂ ಇಲ್ಲ, ಅವ್ವ ಅದಕ್ಕೆ ಪ್ರತ್ಯಕ್ಷ ಸಾಕ್ಷಿ. ಆ ಚಹಾ ಆರಿ ಈಗ ಎರಡು ತಿಂಗಳಾಗುತ್ತ ಬಂತು.

ಮೊದಲು ನನ್ನ ಅರ್ಹತೆಯನ್ನು ನಿವೇದಿಸಿಕೊಳ್ಳುತ್ತೇನೆ. ಎಂ.ಸಿ.ಎ. ಮುಗಿಸಿದ್ದೇನೆ. ಬೆಳಗಾವಿಯ ಒಂದು ಸಣ್ಣ ಕಂಪನಿಯಲ್ಲಿ ಕೂತು ಔಷಧ ಅಂಗಡಿಗಳ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತೇನೆ. ಹಿಂದವಾಡಿಯ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತೇನೆ. ನಾನಾಗಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಫೋನು ರಿಂಗಾದರೆ ಅದು ತಾನಾಗಿ ನಿಲ್ಲುವವರೆಗೆ ಗೌರವದಿಂದ ನೋಡುತ್ತ ಕೂರುತ್ತೇನೆ. ಇಂಥವಳ ಕೈಗೆ ಅರವತ್ತಕ್ಕೂ ಹೆಚ್ಚು ನಿವೃತ್ತ ಶಿಕ್ಷಕರ ಸುಖದುಃಖಗಳನ್ನು ಒಪ್ಪಿಸಲಾಯಿತು ಎಂಬುದೇ ಈ ಕಥೆಯ ಮೊದಲ ತಪ್ಪು. ಆ ತಪ್ಪು ಮಾತ್ರ ನನ್ನದಲ್ಲ. ಉಳಿದವೆಲ್ಲ ನನ್ನವೇ.

ಅಪ್ಪ ಖಾನಾಪುರದ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವರು. ದಿನಾ ರೈಲಿನಲ್ಲಿ ಹೋಗಿ ರೈಲಿನಲ್ಲಿ ಬರುತ್ತಿದ್ದರು. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅತ್ತಾರ ಸರ್ ಖಾನಾಪುರದವರೇ. ಅಪ್ಪ ಒಂದು ದಿನವೂ ಕೈಗಡಿಯಾರ ಕಟ್ಟಿದವರಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಸ್ಟೇಷನ್ನಿನ ಹತ್ತಿರ ಚಹಾ ಕುಡಿಯುತ್ತ ಕೂರುವುದು, ಹೊತ್ತಾದಾಗ ಅತ್ತಾರ ಸರ್ "ನಡೀರಿ ಸರ, ಗಾಡಿ ಹೊತ್ತಾತು" ಎನ್ನುವುದು, ಅಪ್ಪ ಏಳುವುದು. ಇಪ್ಪತ್ತೆರಡು ವರ್ಷ ಇದು ನಡೆಯಿತು. ನಿವೃತ್ತರಾದ ಮೇಲೆ ಇಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ ಜೋಡಿ ಫೋನು ಕೊಂಡಿದ್ದರು.

ಅತ್ತಾರ ಸರ್ ಒಂದು ಬೆಳಿಗ್ಗೆ ತೀರಿಕೊಂಡರು. ಮಧ್ಯಾಹ್ನದ ನಮಾಜಿನ ಬಳಿಕ ಮಣ್ಣು. ಸುದ್ದಿ ಏಳೂವರೆಗೇ ನಿವೃತ್ತ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ಅದರ ಮೇಲೆ ಗುಲಾಬಿ ಬಂತು, ಗುಲಾಬಿಯ ಮೇಲೆ ಕಮಲ, ಕಮಲದ ಮೇಲೆ ಸೂರ್ಯೋದಯ, ಸೂರ್ಯೋದಯದ ಮೇಲೆ ಎರಡು ಗಿಳಿ, ಎಲ್ಲದರ ಮೇಲೂ ಶುಭೋದಯ. ಎಂಬತ್ತಕ್ಕೂ ಮಿಕ್ಕಿ ಶುಭೋದಯಗಳ ಕೆಳಗೆ ಅತ್ತಾರ ಸರ್ ಇದ್ದರು. ಅಪ್ಪ ಅವರನ್ನು ಕಂಡದ್ದು ಸಂಜೆಯ ಚಹಾ ಹೊತ್ತಿಗೆ. ಸಿಕ್ಕ ಬಸ್ಸು ಹತ್ತಿ ಖಾನಾಪುರಕ್ಕೆ ಹೋದರು, ಖಬರಸ್ಥಾನದ ಗೇಟಿನವರೆಗೆ ಹೋಗಿ ನಿಂತರು, ಅತ್ತಾರ ಸರ್ ಹೆಂಡತಿಯ ಮುಖ ನೋಡಲು ಧೈರ್ಯವಾಗದೆ ಹಾಗೇ ತಿರುಗಿ ಬಂದರು.

ಮೂರನೇ ದಿನ ನನ್ನ ಟೇಬಲ್ಲಿನ ಪಕ್ಕ ಬಂದು ನಿಂತರು.

"ಸುಮಾ, ಬರೇ ನಮ್ಮ ಬಳಗದ ಸುದ್ದಿ ಅಷ್ಟ ಬರೂವಂಥಾದ್ದೊಂದ ಮಾಡಾಕ ಬರತೈತೇನು ನಿನಗ?"

"ಎಂಥಾದ್ದು ಅಪ್ಪಾ?"

"ಹೂವಿಲ್ಲದ್ದು."

ಆಗ ನಾನು ಹೇಳಿದ ಮಾತೇ ಮೇಲೆ ಉಲ್ಲೇಖಿಸಿದ್ದು. ನಲವತ್ತನೇ ದಿನದ ಪ್ರಾರ್ಥನೆಗಾದರೂ ಹೊತ್ತಿಗೆ ಸರಿಯಾಗಿ ಹೋಗಿ ಅತ್ತಾರ ಸರ್ ಹೆಂಡತಿ ಭಾಭಿಯವರ ಮುಂದೆ ಕೂರಬೇಕು, ಇನ್ನು ಮೇಲೆ ಬಳಗದ ಯಾರ ಸುದ್ದಿಯೂ ಯಾರಿಗೂ ತಪ್ಪಬಾರದು. ಅಪ್ಪನಿಗೆ ಬೇಕಾಗಿದ್ದುದು ಇಷ್ಟೇ.

ಆ್ಯಪ್ ಚೆನ್ನಾಗಿಯೇ ಬಂತು. ಒಂದೇ ಪುಟ. ಎಲ್ಲಕ್ಕೂ ಮೇಲೆ ತಲೆಬರಹ: ಹುಟ್ಟುಹಬ್ಬ, ಭೇಟಿ, ನಿಧನ, ಸ್ಮರಣೆ, ಹೀಗೆ ಸಂಗತಿ ಯಾವುದೋ ಅದು. ಅದರ ಕೆಳಗೆ ಫೋಟೋ, ಹೆಸರು, ವಯಸ್ಸು, ಸಮಯ, ಸ್ಥಳ. ಸಾವು ನೋವುಗಳನ್ನು ದಪ್ಪ ಅಕ್ಷರದಲ್ಲಿ ಕೂಗಿ ಹೇಳುವುದು ಅಸಭ್ಯ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ತಲೆಬರಹವನ್ನು ಸಣ್ಣದಾಗಿ, ತಿಳಿ ಬೂದು ಬಣ್ಣದಲ್ಲಿ, ಪುಟದ ತೀರ ಅಂಚಿಗೆ ಇಟ್ಟೆ. ಅಷ್ಟು ಮರ್ಯಾದಸ್ಥ ತಲೆಬರಹವನ್ನು ನೀವು ಬೇರೆಲ್ಲೂ ನೋಡಿರಲಾರಿರಿ. ಮುಂದೆ ಯಾರೂ ನೋಡಲಿಲ್ಲ ಎಂಬುದು ಬೇರೆ ಮಾತು!

ಪರೀಕ್ಷಿಸಿದ್ದು ಅಪ್ಪನ ಹಳೆಯ ಫೋನಿನಲ್ಲಿ. ಹೋದ ವರ್ಷ ಅಪ್ಪನಿಗೆ ಹೊಸ ಫೋನು ಕೊಡಿಸಿದ ಮೇಲೆ ಆ ಜೋಡಿ ಫೋನು ನನ್ನ ಟೇಬಲ್ಲಿಗೆ ಬಂದಿತ್ತು. ಅದರಲ್ಲಿ ಎಲ್ಲವೂ ಅಚ್ಚುಕಟ್ಟು. ಮೇಲೆ ಫೋನಿನದೇ ಆದ ಆ ಸಣ್ಣ ಪಟ್ಟಿ (ಗಂಟೆ, ಸಿಗ್ನಲ್, ಬ್ಯಾಟರಿ ತೋರಿಸುತ್ತದಲ್ಲ, ಸ್ಟೇಟಸ್ ಬಾರ್ ಎನ್ನುತ್ತಾರೆ), ಅದರ ಕೆಳಗೆ ನನ್ನ ತಲೆಬರಹ, ಆಮೇಲೆ ಉಳಿದದ್ದು. ಬೇರೆ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ಯಾರನ್ನೂ ಕೇಳಲಿಲ್ಲ. ನಾನು ಕೇಳುವವಳಲ್ಲ ಎಂದು ಆಗಲೇ ಹೇಳಿದ್ದೇನೆ.

ಬಳಗದ ಸದಸ್ಯರು ಅರವತ್ತೊಂದು ಜನ. ಅಪ್ಪ ಕೊಟ್ಟ ಪಟ್ಟಿಯಲ್ಲಿ ಅರವತ್ತೆರಡು ನಂಬರುಗಳಿದ್ದವು. ಹೆಚ್ಚಿದ್ದ ಆ ಒಂದು ನಂಬರು ಯಾರದೆಂದು ನನಗೆ ಗೊತ್ತಾಯಿತು. ಅದನ್ನೂ ಕೇಳಲಿಲ್ಲ. ಅರವತ್ತೆರಡಕ್ಕೂ ಆ್ಯಪಿನ ಕೊಂಡಿ ಕಳಿಸಿದೆ. ಜೊತೆಗೆ ಅಪ್ಪ ತಮ್ಮ ಅಚ್ಚಗನ್ನಡದಲ್ಲಿ ಎರಡು ಸಾಲು ಬರೆಸಿದರು: "ಬಳಗದ ಯಾರೊಬ್ಬರ ಅಂತ್ಯದರ್ಶನವೂ ಇನ್ನು ಮುಂದೆ ನಮಗೆ ತಪ್ಪದಿರಲಿ ಎಂಬ ಸದುದ್ದೇಶದಿಂದ ಈ ವ್ಯವಸ್ಥೆ ಮಾಡಲಾಗಿದೆ."

ಅಂದರೆ ಖಾನಾಪುರದ ಹಿರಿಯರೆಲ್ಲ ತಿಳಿದುಕೊಂಡದ್ದು ಇಷ್ಟು: ಈ ಆ್ಯಪಿನಲ್ಲಿ ಯಾರ ಫೋಟೋ ಬಂತೋ ಅವರು ಹೋದರು.

ಮೊದಲ ಫೋಟೋ ಬಂದದ್ದು ಗುರವ ಮಾಸ್ತರರದು. ಬಳಗದಲ್ಲಿ ಅವರೇ ಹಿರಿಯರು. ಭಾನುವಾರಕ್ಕೆ ಎಂಬತ್ತು ತುಂಬುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಅವರ ಮನೆಯಲ್ಲಿ ನಾಲ್ಕು ಜನ ಸೇರಿ ಶಾಲು ಹೊದಿಸುವುದು ಎಂದು ಅಪ್ಪ ಗೊತ್ತುಮಾಡಿದ್ದರು. ನಾನು ತಲೆಬರಹದಲ್ಲಿ ಹುಟ್ಟುಹಬ್ಬ ಎಂದು ಹಾಕಿ, ಬಳಗದ ರಿಜಿಸ್ಟರಿನಲ್ಲಿದ್ದ ಕಪ್ಪುಬಿಳುಪು ಪಾಸ್‌ಪೋರ್ಟ್ ಫೋಟೋ ಹಚ್ಚಿ, ವಯಸ್ಸು 80, ಸ್ಥಳ ಸ್ವಗೃಹ, ಎಲ್ಲ ಸದಸ್ಯರು ತಪ್ಪದೆ ಬರಬೇಕು ಎಂದು ಬರೆದು ಕಳಿಸಿದೆ.

ನಾನೂ ಅಪ್ಪನೂ ಅರ್ಧ ಕಿಲೋ ಕುಂದಾ ಹಿಡಿದುಕೊಂಡು ಖಾನಾಪುರದಲ್ಲಿ ಇಳಿದೆವು. ಗುರವ ಮಾಸ್ತರರ ಮನೆಯ ಸಂದಿಗೆ ತಿರುಗಿದಾಗ ಜನವೋ ಜನ. ಅಪ್ಪನ ಮುಖ ಅರಳಿತು.

"ನೋಡಿದೇನ ಸುಮಾ, ಆ್ಯಪಿನ ಶಕ್ತಿ!"

ನಾನು ವಿನಯದಿಂದ ತಲೆ ತಗ್ಗಿಸಿದೆ. ತಗ್ಗಿಸಿದ್ದರಿಂದ ಎಲ್ಲರ ಕೈಗಳು ಕಂಡವು. ಎಲ್ಲರ ಕೈಯಲ್ಲೂ ಬಿಳಿ ಶ್ಯಾವಂತಿಗೆಯ ಹಾರ.

ದೈಹಿಕ ಶಿಕ್ಷಕರಾಗಿದ್ದ ಪಾಟೀಲ ಸರ್ ಗೇಟಿಗೆ ಒರಗಿ ನಿಂತು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ಏನ್ರಿ ಸರ, ಹಾರಾ ಹಿಡ್ಕೊಂಡ ನಿಂತೀರಿ?" ಎಂದರು ಅಪ್ಪ.

"ಮತ್ತೇನ ಹಿಡ್ಕೊಂಡ ಬರಬೇಕಿತ್ರಿ? ಮೊನ್ನೆ ಬಾಜಾರದಾಗ ಕೂಡೇ ಚಾ ಕುಡದೀವಿ. ಕಲ್ಲಿನಂಗ ಗಟ್ಟಿ ಇದ್ರು. ಮನಷ್ಯಾಂದ ಏನೂ ಖರೇ ಇಲ್ರಿ ಸರ."

ಅಷ್ಟರಲ್ಲಿ ಬಾಗಿಲು ತೆರೆದು ಗುರವ ಮಾಸ್ತರರು ಹೊರಗೆ ಬಂದರು!

ಹೊಸ ಅಂಗಿ, ಹಣೆಗೆ ಹೊಸ ವಿಭೂತಿ, ಕೈಯಲ್ಲಿ ಕೋಲು. ಸಂದಿ ತುಂಬ ನಿಂತ ಜನರನ್ನು ನೋಡಿದರು. ಹಾರಗಳನ್ನು ನೋಡಿದರು.

"ಇಷ್ಟ ಮಂದಿ ಯಾಕ ಕೂಡೀರಿ? ಯಾರ ಹೋದ್ರು?"

ಪಾಟೀಲ ಸರ್ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟರು.

"ನಮ್ಮ ಓಣ್ಯಾಗ ಹೋಗ್ಯಾರ, ನನಗ ಒಂದ ಮಾತ ಹೇಳಬಾರದೇನ್ರೋ? ತಡೀರಿ, ಚಪ್ಲಿ ಮೆಟ್ಕೊಂಡ ಬಂದೆ. ನಾನೂ ಬರತೀನಿ."

ಮಾಸ್ತರರು ತಮ್ಮದೇ ಅಂತ್ಯಯಾತ್ರೆಗೆ ಚಪ್ಪಲಿ ಹುಡುಕುತ್ತಿದ್ದಾಗ ನಾನು ಪಾಟೀಲ ಸರ್ ಫೋನನ್ನು ಇಸಿದುಕೊಂಡು ನೋಡಿದೆ. ಹೊಸ ಫೋನು. ಹೊಸ ಫೋನುಗಳಲ್ಲಿ ಆ್ಯಪಿನ ಪುಟ ಗಂಟೆಯ ಪಟ್ಟಿಯ ಕೆಳಗೆ ನಿಲ್ಲುವುದಿಲ್ಲ, ಅದರ ಅಡಿಗೆ ನುಗ್ಗಿ ಗಾಜಿನ ತುದಿಯವರೆಗೂ ಹೋಗುತ್ತದೆ. ನನ್ನ ಮರ್ಯಾದಸ್ಥ ತಲೆಬರಹ ಗಂಟೆ, ಸಿಗ್ನಲ್, ಕ್ಯಾಮೆರಾದ ತೂತು, ಬ್ಯಾಟರಿಗಳ ನಡುವೆ ಸಿಕ್ಕು ಅಪ್ಪಚ್ಚಿಯಾಗಿತ್ತು. ಹುಟ್ಟುಹಬ್ಬ ಎಲ್ಲೂ ಇರಲಿಲ್ಲ. ಕಾಣುತ್ತಿದ್ದುದು ಕಪ್ಪುಬಿಳುಪಿನ ಗುರವ ಮಾಸ್ತರರು, ವಯಸ್ಸು, ಸ್ಥಳ, ತಪ್ಪದೆ ಬರಬೇಕು.

ಅಪ್ಪನ ಹೊಸ ಫೋನಿನಲ್ಲೂ ಹಾಗೆಯೇ ಇತ್ತು. ಆದರೆ ಅಪ್ಪನಿಗೆ ಅದು ಹುಟ್ಟುಹಬ್ಬವೆಂದು ಮೊದಲೇ ಗೊತ್ತಿತ್ತಲ್ಲ. ಗೊತ್ತಿದ್ದವರಿಗೆ ತಲೆಬರಹ ಬೇಕಾಗುವುದಿಲ್ಲ.

ಗುರವ ಮಾಸ್ತರರಿಗೆ ವಿಷಯ ತಿಳಿಸುವ ಭಾರವನ್ನು ಅಪ್ಪನೇ ಹೊತ್ತರು. ಮಾಸ್ತರರು ಸಿಟ್ಟಾಗಲಿಲ್ಲ. ಕುರ್ಚಿ ತರಿಸಿ ಕೂತು, ಒಬ್ಬೊಬ್ಬರ ಮುಖವನ್ನೂ ನಿಟ್ಟಿಸಿ ನಿಟ್ಟಿಸಿ ನೋಡಿದರು.

"ಹುಟ್ಟಿದ ದಿನಾ ಅಂದಿದ್ರ ನಾಕ ಮಂದಿ ಬರತಿದ್ರಿ. ಈಗ ನೋಡ್ರಿ, ಓಣಿ ತುಂಬೇತಿ," ಎಂದರು. ಕುತ್ತಿಗೆ ಮುಂದಕ್ಕೆ ಚಾಚಿ, "ತಂದ ಹಾರಾ ಹಾಕೇ ಹೋಗ್ರಿ. ಎರಡ ಸಲಾ ಖರ್ಚ ಯಾಕ?"

ಎಲ್ಲರೂ ಸಾಲಾಗಿ ನಿಂತು ಹಾಕಿದರು. ಅರ್ಧ ಕಿಲೋ ಕುಂದಾ ಒಬ್ಬೊಬ್ಬರ ಉಗುರಿನ ತುದಿಗೆ ಹತ್ತುವಷ್ಟು ಬಂತು. ಮರಳಿ ಬರುವಾಗ ರೈಲಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಒಂದೇ ಮಾತು ಆಡಿದರು.

"ಅತ್ತಾರ ಸರ್ ಇದ್ದಿದ್ರ ನಕ್ಕ ನಕ್ಕ ಸಾಯತಿದ್ರು."

ಹೇಳಿ ಮುಗಿಸಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ಹೊಳೆಯಿತು.

ಇನ್ನು ದುರಸ್ತಿ. ಸರಿಯಾದ ವಿಧಾನ ಪುಸ್ತಕದಲ್ಲೇ ಇದೆ. "ನಿನ್ನ ಪಟ್ಟಿ ಎಷ್ಟು ಎತ್ತರ?" ಎಂದು ಆ್ಯಪ್ ಪ್ರತಿಯೊಂದು ಫೋನನ್ನೂ ಕೇಳಬೇಕು. ಅದು ಎಷ್ಟು ಹೇಳುತ್ತದೋ ಅಷ್ಟು ಜಾಗ ಬಿಟ್ಟು ಬರೆಯಬೇಕು. ನಾನು ಮನುಷ್ಯರನ್ನೇ ಕೇಳುವವಳಲ್ಲ, ಫೋನುಗಳನ್ನು ಕೇಳುತ್ತೇನೆಯೇ? ಅಪ್ಪನ ಹೊಸ ಫೋನನ್ನು ಕಣ್ಣಳತೆಯಲ್ಲಿ ಅಳೆದೆ. ಯಾವುದಕ್ಕೂ ಇರಲಿ ಎಂದು ಅದರ ಎರಡರಷ್ಟು ಜಾಗ ಮೇಲೆ ಬಿಟ್ಟೆ. ಇಡೀ ಪುಟ ಕೆಳಗೆ ಜರುಗಿತು. ತಲೆಬರಹ ಗಡಿಯಾರದ ಅಡಿಯಿಂದ ಬಿಡುಗಡೆಯಾಗಿ ಹೊರಬಂತು. ಒಂದು ಸಾಲಿನ ಕೆಲಸ!

ಆದರೆ ಪುಟದ ಮೇಲಿನದನ್ನು ಕೆಳಗೆ ತಳ್ಳಿದರೆ ಕೆಳಗಿನದು ಎಲ್ಲಿಗೋ ಹೋಗಲೇಬೇಕು. ಅದೂ ನಿವೃತ್ತ ಶಿಕ್ಷಕರ ಫೋನುಗಳಲ್ಲಿ. ಅವರೆಲ್ಲ ಅಕ್ಷರಗಳನ್ನು ಕಪ್ಪುಹಲಗೆಯ ಮೇಲೆ ಬರೆದಷ್ಟು ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಎರಡನೆಯ ಫೋಟೋ ಹಿರೇಮಠ ಅಕ್ಕೋರದು. ಖಾನಾಪುರದಲ್ಲಿ ಮೂವತ್ತು ವರ್ಷ ಕಲಿಸಿದ ಗಟ್ಟಿ ಟೀಚರು. ಅವರಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಹಿಂಡಲಗಾದಲ್ಲಿ ಮಗಳ ಮನೆಯಲ್ಲಿದ್ದರು. ಕಾಣಲು ಬರುವವರು ಸಂಜೆ ನಾಲ್ಕರಿಂದ ಐದರ ಒಳಗೆ ಬರಬಹುದು ಎಂದು ಹೇಳಿಕಳಿಸಿದ್ದರು. ಒಬ್ಬರ ಕಾಯಿಲೆಯನ್ನು ತಲೆಬರಹದಲ್ಲಿ ಸಾರುವುದು ಸರಿಯಲ್ಲವೆಂದು ನಾನು ಅಲ್ಲಿ ಭೇಟಿ ಎಂದಷ್ಟೇ ಹಾಕಿದೆ. ಮುಂದೆ ಫೋಟೋ, ಹೆಸರು, ಸಮಯ. ಆಮೇಲೆ ಸ್ಥಳ: ಹಿಂಡಲಗಾ, ಮಗಳ ಮನೆ, ಯಾವ ಅಡ್ಡರಸ್ತೆ, ಬಾಜುಕ ಏನಿದೆ. ಎಲ್ಲಕ್ಕೂ ಕೆಳಗೆ, ಮತ್ತೆ ಸಣ್ಣ ಬೂದು ಅಕ್ಷರದಲ್ಲಿ, ಕಣ್ಣಿನ ಚಿಕಿತ್ಸೆಯ ವಿವರ.

ಮರುದಿನ ಸಂಜೆ ನಾಲ್ಕೂ ಹತ್ತಕ್ಕೆ ಅಪ್ಪನ ಫೋನು ರಿಂಗಾಯಿತು. ಪಾಟೀಲ ಸರ್ ದನಿ ಅಡುಗೆಮನೆಯವರೆಗೂ ಕೇಳುತ್ತಿತ್ತು.

"ಸರ, ಗೇಟಿನ ಮುಂದ ನಿಂತೀವ್ರಿ. ಒಳಗ ಬಿಡವಲ್ಲರು."

"ಮಗಳ ಮನ್ಯಾಗ ಗೇಟ್ ಹಾಕ್ಯಾರೇನ್ರಿ? ಬಾಗಲಾ ಬಡೀರಿ."

"ಯಾವ ಮಗಳ್ರಿ? ಜೈಲಿನ ಗೇಟಿನ ಮುಂದ ಅದೀವಿ!"

"ಜೈಲಿನ ಮುಂದ ಯಾಕ ಹೋದ್ರಿ?"

"ಮತ್ತ ಭೇಟಿ ಅಂತ ಐತಿ, ನಾಕರಿಂದ ಐದು ಅಂತ ಐತಿ, ಹಿಂಡಲಗಾ ಅಂತ ಐತಿ. ಹಿಂಡಲಗಾದಾಗ ಟೈಮ್ ಕೊಟ್ಟ ಭೇಟಿ ಮಾಡಸೂ ಜಾಗಾ ಮತ್ಯಾವ್ದ ಐತ್ರಿ?" ದನಿ ತಗ್ಗಿತು. "ಏನ ಮಾಡ್ಯಾರ ಅಂತ ನಾವ್ ಕೇಳಂಗಿಲ್ರಿ ಸರ. ಮೂವತ್ತ ವರ್ಷ ಸಾಲಿ ನಡಸ್ಯಾರ ಪಾಪ. ನಮ್ಮ ಅಳಿಯಾ ವಕೀಲ ಅದಾನಲ್ಲ, ಅವನ್ನೂ ಕರ್ಕೊಂಡ ಬಂದೀನಿ."

ಅವರ ಜೊತೆ ಇನ್ನೂ ಆರು ಜನ ಬಾಳೆಹಣ್ಣು ಹಿಡಿದು ನಿಂತಿದ್ದರು. ಅವರೆಲ್ಲರ ಫೋನಿನಲ್ಲೂ ಹಿಂಡಲಗಾದ ಮುಂದಿನದೆಲ್ಲ ಪರದೆಯ ಕೆಳಗೆ ಜಾರಿಹೋಗಿತ್ತು. ಕಾವಲಿನವರು ಒಳ್ಳೆಯವರಿರಬೇಕು. ಕೈದಿಗಳ ಪಟ್ಟಿಯಲ್ಲಿ ಆ ಹೆಸರಿಲ್ಲ ಎಂದು ಎರಡು ಸಲ ಸಮಾಧಾನವಾಗಿ ಹೇಳಿದರಂತೆ. "ಇನ್ನೊಮ್ಮೆ ನೋಡ್ರಿ, ಇರಬೇಕು" ಎಂದರಂತೆ ನಮ್ಮವರು!

ಸಂಜೆ ಅಕ್ಕೋರು ನನಗೇ ಫೋನು ಮಾಡಿದರು. ಆವತ್ತು ಮೊದಲ ರಿಂಗಿಗೇ ಎತ್ತಿದೆ.

"ಸುಮಾ, ನನಗ ಕಣ್ಣ ಕಟ್ಟ್ಯಾರವಾ, ಕೈ ಕಟ್ಟಿಲ್ಲ. ಮಧ್ಯಾಹ್ನದಿಂದ ಮಂದಿ ಫೋನ್ ಹಚ್ಚಿ ಧೈರ್ಯ ಹೇಳಾಕತ್ತಾರ. ಒಬ್ಬಾಕಿ 'ಒಳಗ ಫೋನ್ ಇಟ್ಕೊಳ್ಳಾಕ ಬಿಡತಾರೇನ್ರಿ' ಅಂತ ಕೇಳಿದ್ಲು. ಏನ ಬರದಿ ನೀ?"

ನಾನು ಬರೆದದ್ದನ್ನೆಲ್ಲ ಓದಿ ಹೇಳಿದೆ.

"ಎಲ್ಲಾ ಬರೋಬರ್ ಐತಲ್ಲ ಮತ್ತ?" ಎಂದರು. ಅದೇ ದುಃಖ. ಬರೆದದ್ದೆಲ್ಲ ಸರಿಯಾಗಿಯೇ ಇತ್ತು.

ಅಂದು ಅವ್ವ ಊಟಕ್ಕೆ ಬಡಿಸುತ್ತ, "ಒಬ್ರನ್ನ ಕೊಂದಿ, ಒಬ್ರನ್ನ ಜೇಲಿಗೆ ಹಾಕಿದಿ. ಇನ್ನ ಯಾರ ಉಳದಾರ?" ಎಂದಳು. ಅಪ್ಪ ತಟ್ಟೆ ನೋಡುತ್ತ, "ಮುಂದಿನ ಶುಕ್ರವಾರ ಅತ್ತಾರ ಸರ್‌ದು ನಲವತ್ತನೇ ದಿನಾ," ಎಂದರು.

ಆ ವಾರವೆಲ್ಲ ನಾನು ಗಂಭೀರವಾಗಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಸಮಸ್ಯೆಯ ಮೂಲ ನನ್ನ ತಲೆಬರಹವಲ್ಲ, ಫೋನಿನ ಆ ಪಟ್ಟಿ. ಆ ಪಟ್ಟಿಯೇ ಇಲ್ಲದಿದ್ದರೆ? ನನ್ನ ಆ್ಯಪ್ ತೆರೆದಿರುವಷ್ಟು ಹೊತ್ತು ಗಂಟೆ, ಸಿಗ್ನಲ್, ಬ್ಯಾಟರಿ, ಬಂದ ಕರೆಗಳ ಗುರುತು ಎಲ್ಲವೂ ಮಾಯವಾಗಲಿ. ಜಾಗವೂ ಉಳಿಯಿತು, ಜಗಳವೂ ಮುಗಿಯಿತು. ಮೇಲಿನ ಖಾಲಿಯನ್ನು ತೆಗೆದೆ, ಅಕ್ಷರಗಳನ್ನು ಹೊಂದಿಸಿದೆ. ತಲೆಬರಹದಿಂದ ಅಡ್ಡರಸ್ತೆಯವರೆಗೆ ಎಲ್ಲವೂ ಒಂದೇ ನೋಟಕ್ಕೆ ಕಂಡವು. ಅಪ್ಪನ ಫೋನಿನಲ್ಲಿ ನೋಡಿದೆ, ಅವ್ವನದರಲ್ಲಿ ನೋಡಿದೆ. ಪರಿಪೂರ್ಣ! ಸ್ಮರಣೆ ಎಂಬ ತಲೆಬರಹ ಹಾಕಿ, ಅತ್ತಾರ ಸರ್ ನಗುತ್ತಿದ್ದ ಒಂದು ಬಣ್ಣದ ಫೋಟೋ ಹಚ್ಚಿ, ಶುಕ್ರವಾರ ಮಧ್ಯಾಹ್ನದ ನಮಾಜಿನ ಬಳಿಕ ಪ್ರಾರ್ಥನೆ ಮತ್ತು ಊಟ ಎಂದು ಬರೆದು ಅರವತ್ತೆರಡು ಫೋನುಗಳಿಗೂ ಕಳಿಸಿದೆ.

ಶುಕ್ರವಾರ ನಾನು ರಜೆ ಹಾಕಿದೆ. ಹನ್ನೆರಡು ಗಂಟೆಯ ಗಾಡಿಗೆ ಇಬ್ಬರೂ ಹೋಗುವುದೆಂದಾಗಿತ್ತು. ಹಿಂದವಾಡಿಯಿಂದ ಆಟೋ ಹಿಡಿದರೆ ಸ್ಟೇಷನ್ನು ಹತ್ತಿರವೇ. ಅಪ್ಪ ಹತ್ತಕ್ಕೇ ಬಿಳಿ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಪ್ರಾರ್ಥನೆಯ ನಡುವೆ ರಿಂಗಾಗಬಾರದೆಂದು ಫೋನಿನ ಸದ್ದು ಆಗಲೇ ತೆಗೆದುಬಿಟ್ಟಿದ್ದರು. ಆ್ಯಪು ತೆರೆದು ಅತ್ತಾರ ಸರ್ ಫೋಟೋ ನೋಡುತ್ತಿದ್ದರು.

ಅವ್ವ ವಡಗಾವಿಯ ತಂಗಿಯ ಮನೆಗೆ ಹೊರಟವಳು ಅಪ್ಪನ ಭುಜದ ಮೇಲಿಂದ ಇಣುಕಿದಳು.

"ಇದೇನ, ಗಂಟಿನ ಕಾಣವಲ್ದು ಇದರಾಗ?"

"ಗಂಟಿ ನೋಡಾಕ ಗ್ವಾಡಿ ಮ್ಯಾಲ ಗಡಿಯಾರ ಐತೆಲ್ಲವಾ" ಎಂದೆ ನಾನು, ಸ್ವಲ್ಪ ಬಿಗಿಯಾಗಿ.

ಅವ್ವ ಹೋದಳು. ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಕೆಲಸ ಮುಗಿದಿತ್ತು ನಿಜ, ಆದರೆ ಸ್ಮರಣೆ ಎಂಬುದರ ಬೂದು ಬಣ್ಣ ಒಂದು ಕೂದಲೆಳೆಯಷ್ಟು ಹೆಚ್ಚು ತಿಳಿಯಾಯಿತೇನೋ ಅನಿಸುತ್ತಿತ್ತು. ಅಷ್ಟರಲ್ಲಿ ಮೌಸು ಸತ್ತಿತು. ಅದರ ಸೆಲ್ಲು ಮುಗಿದಿತ್ತು. ಮನೆಯಲ್ಲಿ ಬೇರೆ ಸೆಲ್ಲಿಲ್ಲ. ಪಡಸಾಲೆಯ ಗಡಿಯಾರಕ್ಕೂ ಅದೇ ಅಳತೆಯ ಸೆಲ್ಲು. ಕುರ್ಚಿ ಹತ್ತಿ ತೆಗೆದೆ. ಐದೇ ನಿಮಿಷಕ್ಕೆ. ಆಗ ಗಡಿಯಾರದಲ್ಲಿ ಹನ್ನೊಂದೂ ಐದು. ಅಪ್ಪ ತಲೆಯೆತ್ತಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಗೋಡೆ ನೋಡಿದರು. "ಹನ್ನೊಂದೂ ಐದ ಆಗೇತಿ. ಹೊತ್ತ ಐತಿ."

"ಹೂಂ" ಎಂದೆ.

ಮತ್ತಷ್ಟು ಹೊತ್ತಿನ ಮೇಲೆ ಮತ್ತೆ ನೋಡಿದರು. "ಹೊತ್ತ ಇನ್ನ ಐತಿ."

"ಹೂಂ" ಎಂದೆ. ನನ್ನ ಲ್ಯಾಪ್‌ಟಾಪಿನಲ್ಲೂ ಗಂಟೆ ಕಾಣುತ್ತಿರಲಿಲ್ಲ. ಕೆಲಸದಲ್ಲಿ ಮನಸ್ಸು ಕೆಡಬಾರದೆಂದು ಅಲ್ಲಿಯ ಪಟ್ಟಿಯನ್ನು ವರ್ಷದ ಹಿಂದೆಯೇ ಮುಚ್ಚಿಟ್ಟ ಶಿಸ್ತಿನ ಹುಡುಗಿ ನಾನು.

ಮೂರನೇ ಸಲ ಅಪ್ಪ ಗೋಡೆ ನೋಡಿ ಮತ್ತೆ ಫೋಟೋದತ್ತ ಬಗ್ಗಿದರು. ದುಃಖದಲ್ಲಿದ್ದಾಗ ಹೊತ್ತು ಸರಿಯುವುದಿಲ್ಲ ಎನ್ನುತ್ತಾರಲ್ಲ, ಹಾಗೆ ಅಂದುಕೊಂಡರಂತೆ.

ಆಮೇಲೆ ದೂರದ ಮಸೀದಿಯಿಂದ ಅಜಾನ್ ಕೇಳಿತು. ಅಪ್ಪ ಫೋನಿನಿಂದ ತಲೆಯೆತ್ತಿ ಗೋಡೆ ನೋಡಿದರು.

"ಸುಮಾ, ಹನ್ನೊಂದೂ ಐದಕ್ಕ ಅಜಾನ್ ಯಾಕ ಕೊಡಾಕತ್ತಾರ?"

ನನ್ನ ಅಂಗೈಯೊಳಗೆ ಮೌಸು ಬೆಚ್ಚಗಿತ್ತು.

ಗಾಡಿ ಹೋಗಿ ಮುಕ್ಕಾಲು ಗಂಟೆ ಆಗಿತ್ತು. ಆಟೋ ಹಿಡಿದೆವು, ಬಸ್‌ಸ್ಟ್ಯಾಂಡಿಗೆ ಹೋದೆವು. ಒಂದು ಬಸ್ಸು ಕಣ್ಣೆದುರೇ ಹೋಯಿತು, ಇನ್ನೊಂದರಲ್ಲಿ ಕಾಲಿಡಲು ಜಾಗವಿರಲಿಲ್ಲ, ಮೂರನೆಯದರಲ್ಲಿ ನಿಂತು ಹೋದೆವು. ಅಪ್ಪ ಮೇಲಿನ ಕಂಬಿ ಹಿಡಿದು ನಿಂತಿದ್ದರು. ದಾರಿಯುದ್ದಕ್ಕೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇದನ್ನು ಇಲ್ಲಿ ಬರೆಯುತ್ತಿರಲಿಲ್ಲ, ಅಲ್ಲಿಗೇ ಲೆಕ್ಕ ತೀರುತ್ತಿತ್ತು.

ಖಾನಾಪುರದಲ್ಲಿ ಇಳಿದಾಗ ಮೂರು ಹೊಡೆದಿತ್ತು. ಅತ್ತಾರ ಸರ್ ಮನೆಯ ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ತೊಳೆದ ದೊಡ್ಡ ಪಾತ್ರೆಗಳು ಬಿಸಿಲಿಗೆ ಬೋರಲು ಬಿದ್ದಿದ್ದವು. ಬಳಗದ ಎಲ್ಲರೂ ಬಂದು ಹೋಗಿದ್ದರು. ಪಾಟೀಲ ಸರ್ ಬಂದಿದ್ದರು, ಗುರವ ಮಾಸ್ತರರೂ ಕೋಲೂರಿಕೊಂಡು ಬಂದಿದ್ದರಂತೆ. ಅಪ್ಪ ಹೊಸ್ತಿಲಾಚೆಯೇ ನಿಂತರು.

ಭಾಭಿಯವರೇ ಹೊರಗೆ ಬಂದರು. ಸಣ್ಣ ಆಳು, ತಲೆಯ ಮೇಲೆ ಬಿಳಿ ಸೆರಗು.

"ಬರ್ರಿ ಭಾಯ್. ಬಾಗಲಾಗ ಯಾಕ ನಿಂತ್ರಿ?"

"ಭಾಭಿ, ಮಣ್ಣಿಗೂ ಬರಲಿಲ್ಲ. ಇವತ್ತೂ..." ಅಪ್ಪನಿಗೆ ಮುಂದೆ ಆಗಲಿಲ್ಲ.

"ಗಾಡಿ ತಪ್ಪಿತಲ್ಲ? ಗೊತ್ತಾತ ನನಗ. ಎಬ್ಬಸವ್ರ ಇಲ್ಲಲ್ಲ ಈಗ," ಎಂದರು ಭಾಭಿ. "ಮುಂಜಾನಿಂದ ನಾಕ ಸಲಾ ಫೋನ್ ಹಚ್ಚಿದೆ. ಎತ್ತಲಿಲ್ಲ ನೀವು."

ಅಪ್ಪ ಫೋನು ತೆಗೆದು ನನ್ನ ಆ್ಯಪನ್ನು ಮುಚ್ಚಿದರು. ಆಗ ಮೇಲೆ ಪಟ್ಟಿ ಪ್ರತ್ಯಕ್ಷವಾಯಿತು. ಅದರಲ್ಲಿ ಎತ್ತದ ಕರೆಯ ಗುರುತು ಬೆಳಿಗ್ಗೆಯಿಂದ ನಮ್ಮನ್ನು ಕಾಯುತ್ತಿತ್ತು.

ಎರಡು ತಟ್ಟೆ ಮುಚ್ಚಿಟ್ಟಿದ್ದರು. ನಾನು ಮಾಂಸ ತಿನ್ನುವವಳಲ್ಲವೆಂದು ನನಗೆ ಬರೀ ಅನ್ನ, ಸಾರು, ಬೇರೆಯೇ ಮಾಡಿಸಿದ್ದು. ಅಪ್ಪ ತಲೆತಗ್ಗಿಸಿ ಉಣ್ಣತೊಡಗಿದರು. ನಾನು ಜೀವನದಲ್ಲಿ ಮೊದಲ ಸಲ, ಯಾರೂ ಕೇಳದಿದ್ದರೂ, ನಾನಾಗಿ ಬಾಯಿ ಬಿಟ್ಟೆ.

"ಅಪ್ಪಂದ ತಪ್ಪಿಲ್ರಿ ಭಾಭಿ. ನನ್ನ ಆ್ಯಪಿಂದ. ಮೊದಲ ತಲೆಬರಹ ಗಂಟಿ ಬುಡಕ ಹೋಗಿತ್ತು. ಆಮ್ಯಾಲ ಗಂಟಿನ ತಗದಬಿಟ್ಟೆ. ಆ್ಯಪ್ ಸರಿ ಇಲ್ರಿ."

"ಯಾವ್ದು, ಇದ?" ಭಾಭಿ ಗೋಡೆಯ ಗೂಡಿನತ್ತ ಹೋದರು. "ಚಲೋ ಐತಲ್ಲ ಬೇಟಿ. ನನಗ ಎಲ್ಲಾ ಬರೋಬರ್ ಕಾಣತೈತಿ."

ಅವರು ತಂದದ್ದು ಅತ್ತಾರ ಸರ್ ಫೋನು. ಜೋಡಿ ಫೋನುಗಳಲ್ಲಿ ಒಂದು.

"ಚಾರ್ಜ್ ಮಾಡಿ ಇಡತೀನಿ. ಗೊತ್ತಿಲ್ದವ್ರು ಯಾರರ ಹಚ್ಚತಾರ, ಪಾಪ, ಹೇಳಬೇಕಲ್ಲ. ನಿಂದು ಬಂತು, ಒತ್ತು ಅಂತು, ಒತ್ತಿದೆ. ಆಮ್ಯಾಲೂ ಏನೇನೋ ಒತ್ತು ಒತ್ತು ಅಂತಿತ್ತು, ಒತ್ತಲಿಲ್ಲ. ಇವರ ಹೆಸರ ಇನ್ನೂ ಲಿಸ್ಟಿನಾಗ ಐತಿ ಅಂದ ಮ್ಯಾಲ ಬರಲಿ ಬಿಡು ಅಂತ."

ನಾನು ಫೋನು ಕೈಗೆ ತೆಗೆದುಕೊಂಡೆ. ಹಳೆಯ ಫೋನು, ನನ್ನ ಮೊಟ್ಟಮೊದಲ ಆವೃತ್ತಿ. ನನ್ನ ಒಂದು ದುರಸ್ತಿಯೂ ಅದನ್ನು ಮುಟ್ಟಿರಲಿಲ್ಲ. ಮೇಲೆ ಪಟ್ಟಿ, ಪಟ್ಟಿಯಲ್ಲಿ ನಡೆಯುತ್ತಿರುವ ಗಂಟೆ. ಅದರ ಕೆಳಗೆ, ಯಾವುದಕ್ಕೂ ತಾಗದಂತೆ, ಸಣ್ಣ ಬೂದು ಅಕ್ಷರದಲ್ಲಿ ಸ್ಮರಣೆ. ಅದರ ಕೆಳಗೆ ಅತ್ತಾರ ಸರ್ ನಗುತ್ತಿದ್ದರು. ಸಮಯ, ಸ್ಥಳ, ಎಲ್ಲ ಇದ್ದಲ್ಲೇ ಇದ್ದವು. ಗುರವ ಮಾಸ್ತರರ ಹುಟ್ಟುಹಬ್ಬ ಹುಟ್ಟುಹಬ್ಬವಾಗಿಯೇ ಬಂದಿತ್ತು. ಅಕ್ಕೋರ ಮಗಳ ಮನೆಯ ಅಡ್ಡರಸ್ತೆ, ಕಣ್ಣಿನ ವಿವರ, ಎಲ್ಲವೂ ಓದಲು ಬರುತ್ತಿದ್ದವು.

ಅಪ್ಪ ಎಡಗೈ ಚಾಚಿ ಫೋನು ಇಸಿದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಭಾಭಿ ಬಗ್ಗಿ, ಅವರ ಕೈಯಲ್ಲಿದ್ದ ಪರದೆಯ ಮೇಲಿನ ಗಂಟೆ ನೋಡಿದರು.

"ಕೈ ತೊಳಕೋರಿ ಭಾಯ್. ನಡೀರಿ, ಗಾಡಿ ಹೊತ್ತಾತು."

ಅಪ್ಪ ಎದ್ದರು. ಆ ಗಾಡಿ ನಮಗೆ ಸಿಕ್ಕಿತು.

ಗಡಿಯಾರದ ಸೆಲ್ಲನ್ನು ಮರಳಿ ಹಾಕಿದ್ದೇನೆ. ಬಳಗದವರು ಒಂದು ಸಭೆ ಸೇರಿ, ಇನ್ನು ಮೇಲೆ ಏನೇ ಸುದ್ದಿಯಿದ್ದರೂ ಫೋನು ಮಾಡಿಯೇ ತಿಳಿಸಬೇಕೆಂದು ಒಮ್ಮತದಿಂದ ಠರಾವು ಮಾಡಿದರು. ಫೋನು ಮಾಡುವ ಜವಾಬ್ದಾರಿಯನ್ನು ಅಷ್ಟೇ ಒಮ್ಮತದಿಂದ ನನಗೆ ವಹಿಸಿದರು. ಮೊನ್ನೆ ಒಂದು ಗೃಹಪ್ರವೇಶಕ್ಕೆ ಅರವತ್ತೊಂದು ಜನಕ್ಕೆ ನಾನೇ ಹಚ್ಚಿ, ಮೊದಲ ಮಾತಿಗೇ "ಯಾರೂ ಹೋಗಿಲ್ರಿ" ಎಂದು ಹೇಳಿ, ಆಮೇಲೆ ವಿಷಯಕ್ಕೆ ಬಂದೆ.

ಆ್ಯಪನ್ನು ಎಲ್ಲರೂ ತೆಗೆದುಹಾಕಿದ್ದಾರೆ. ಈಗ ಅದು ಒಂದೇ ಒಂದು ಫೋನಿನಲ್ಲಿದೆ, ನಾನು ಅಂದುಕೊಂಡಂತೆಯೇ ನಡೆಯುತ್ತಿದೆ. ಆ ಫೋನಿನವರಿಂದ ಈವರೆಗೆ ನನಗೆ ಒಂದು ದೂರೂ ಬಂದಿಲ್ಲ.